ಸಹಾಯ ಬೇಕು: ಓದುಗರ ಹಳೆಯ ಎರವಲು ದಾಖಲೆ ಅಳಿಸುವ ಬಗ್ಗೆ

ಗ್ರಂಥಾಲಯ ಮಿತ್ರರಿಗೆ ನಮಸ್ಕಾರ. ನಾನು ಕಲಬುರಗಿಯ ಪದವಿ ಕಾಲೇಜೊಂದರ ಗ್ರಂಥಪಾಲಕಿ. ನಮ್ಮ ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದಲ್ಲಿ, ಟಿಸಿ ಪಡೆದು ಹೋದ ವಿದ್ಯಾರ್ಥಿಗಳು ಯಾವ ಯಾವ ಪುಸ್ತಕ ಒಯ್ದಿದ್ದರು ಎಂಬುದು ಹೆಸರಿನ ಸಮೇತ ಇನ್ನೂ ಉಳಿದಿದೆ. ಒಬ್ಬ ಹುಡುಗಿ ಆರೋಗ್ಯದ ಬಗ್ಗೆಯೋ ವಿಚ್ಛೇದನದ ಕಾನೂನಿನ ಬಗ್ಗೆಯೋ ಏನು ಓದಿದಳೆಂಬುದು ಬೇರೆ ಯಾರಿಗೂ ತಿಳಿಯಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದರೆ, ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂದೇ ಹೇಳುತ್ತದೆ.

ಆದರೆ ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಹಿಂದಿನ ವರ್ಷಗಳ ಬಳಕೆಯ ವಿವರ ಕೇಳುತ್ತದೆಂಬ ಕಾರಣಕ್ಕೆ ಏನನ್ನೂ ಅಳಿಸಬಾರದೆಂದು ನಮ್ಮ ಆಡಳಿತದವರು ಹೇಳುತ್ತಾರೆ. ಅಲ್ಲಿ ಬೇಕಾಗಿರುವುದು ಸಂಖ್ಯೆಯೇ ಹೊರತು ಹೆಸರಲ್ಲ ಎಂದು ನಾನು ವಿವರಿಸಿದರೂ ಅವರಿಗೆ ಧೈರ್ಯ ಬರುತ್ತಿಲ್ಲ.

ದತ್ತಾಂಶದ ಒಂದು ನಕಲಿನ ಮೇಲೆ ಕೋಹಾದ ಅನಾಮಧೇಯಗೊಳಿಸುವ ಸೌಲಭ್ಯವನ್ನು ಪ್ರಯೋಗಿಸಿ ನೋಡಿದೆ. ಮರಳಿಸಿದ ಪುಸ್ತಕಗಳ ನಮೂದು ಉಳಿದು, ಓದುಗರ ಜಾಗದಲ್ಲಿ ಅನಾಮಧೇಯ ಖಾತೆ ಬಂತು. ಒಟ್ಟು ಲೆಕ್ಕಕ್ಕೆ ತೊಂದರೆಯಾಗಲಿಲ್ಲ, ಆದರೆ ಆ ನಮೂದುಗಳಿಂದ ವಿಭಾಗವಾರು ಲೆಕ್ಕ ತೆಗೆಯಲಾಗುತ್ತಿಲ್ಲ. ಅಲ್ಲದೆ ಅಂಕಿಅಂಶಗಳ ಕೋಷ್ಟಕದಲ್ಲಿ ಸದಸ್ಯರ ಸಂಖ್ಯೆ ಹಾಗೆಯೇ ಇದೆ. ಅಲ್ಲಿಂದ ಹೆಸರು ಹುಡುಕುವುದು ಕಷ್ಟವೇನಲ್ಲ. ನಾನು ಸಿಲುಕಿರುವುದು ಇಲ್ಲಿಯೇ.

ವಿಭಾಗವಾರು ವರದಿಗಳನ್ನು ಮೊದಲೇ ತೆಗೆದಿಟ್ಟುಕೊಂಡು ಎರಡೂ ಕಡೆಯ ಗುರುತನ್ನು ಅಳಿಸಿದವರು, ಅಥವಾ ಓದುಗರ ಗುರುತಿನ ಬದಲು ಸಂಕೇತವನ್ನು ಇಡುವ ಕೋಹಾದ ಗುಪ್ತನಾಮ ಸೌಲಭ್ಯವನ್ನು ಬಳಸಿದವರು ಇಲ್ಲಿದ್ದೀರಾ? ಪುಸ್ತಕ ಮರಳಿದ ಎಷ್ಟು ಕಾಲದ ನಂತರ ಅಳಿಸಬೇಕೆಂದು ನಿಮ್ಮ ಗ್ರಂಥಾಲಯ ಸಮಿತಿ ನಿರ್ಣಯಿಸಿದೆ, ಮತ್ತು ನ್ಯಾಕ್ ತಂಡ ಆ ವರದಿಗಳನ್ನು ಒಪ್ಪಿಕೊಂಡಿತೇ?