ಟಿವಿಗೆ ವೈಫೈ ಸಾಕೇ, ಕೇಬಲ್ ಎಳೆಸಬೇಕೇ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ರೌಟರ್ ಮಹಡಿಯ ಮೇಲಿದ್ದು, ಕೆಳಗಿನ ನಡುಮನೆಯ ಟಿವಿಯಲ್ಲಿ ರಾತ್ರಿ ಎಂಟರ ನಂತರ ಚಿತ್ರ ನಿಂತು ನಿಂತು ಬರುತ್ತದೆ. ಗೋಡೆ ಕೊರೆಸಿ ಕೇಬಲ್ ಎಳೆಸುವುದು ಸೂಕ್ತವೇ?

ಉತ್ತರ 1: 5 ಗಿಗಾಹರ್ಟ್ಸ್ ತರಂಗಪಟ್ಟಿಯ ವೈಫೈ ವೇಗದ್ದಾದರೂ ಆರ್‌ಸಿಸಿ ಚಾವಣಿ ದಾಟುವಾಗ ಸೊರಗುತ್ತದೆ, 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ರೌಟರ್‌ಗಳೂ ಅಲ್ಲಿಯೇ ಕಿಕ್ಕಿರಿದಿರುವುದರಿಂದ ರಾತ್ರಿ ತೊಡಕು ಹೆಚ್ಚು. ಕೇಬಲ್ಲೇ ಲೇಸು. ಗೋಡೆ ಕೊರೆಸಬೇಕಿಲ್ಲ, ನಾವು ಕಿಟಕಿಯ ಮೂಲೆಯಿಂದ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಇಳಿಸಿ, ಬಿಸಿಲಿಗೆ ಕವಚ ಸೀಳದಂತೆ ಪಿವಿಸಿ ಪೈಪಿನೊಳಗೆ ಹಾಯಿಸಿದ್ದೇವೆ.

ಉತ್ತರ 2: ಹಲವು ಟಿವಿಗಳ ಲ್ಯಾನ್ ಪೋರ್ಟ್ (ಈ ಕೇಬಲ್ ಸಿಕ್ಕಿಸುವ ಕಿಂಡಿ) 100 ಎಂಬಿಪಿಎಸ್ ವೇಗಕ್ಕೆ ಸೀಮಿತ, ಆದರೆ 4ಕೆ ಚಿತ್ರಕ್ಕೆ 25 ಸಾಕು. ಮೊದಲು ಲ್ಯಾಪ್‌ಟಾಪನ್ನು ರೌಟರ್‌ಗೆ ಕೇಬಲ್‌ನಿಂದ ಜೋಡಿಸಿ ಎಂಟು ಗಂಟೆಗೆ ವೇಗ ನೋಡಿರಿ. ಅಲ್ಲಿಯೂ ಕುಸಿದರೆ ದೋಷ ಹೊರಗಿನ ಸಂಪರ್ಕದ್ದು.

ಪ್ರಶ್ನೆ ಕೇಳಿದವರು: ನೋಡಿದೆ, 94 ಎಂಬಿಪಿಎಸ್ ಬರುತ್ತಿದೆ, ಹಾಗಾದರೆ ತೊಡಕು ವೈಫೈನದ್ದೇ. ಭಾನುವಾರ ಪೈಪ್ ತರುತ್ತೇನೆ.