ತೋಟದ ಗರಸು ದಾರಿಗೆ ಯಾವ ಬ್ಲೇಡ್ ತಗೊಳ್ಳಲಿ?

ಕೇಳಿದವರು, ಶ್ರೀನಿವಾಸಪುರ:

ಮುಖ್ಯರಸ್ತೆಯಿಂದ ನಮ್ಮ ಮಾವಿನ ತೋಟದ ಮನೆಗೆ ಸುಮಾರು 400 ಮೀಟರ್ ಗರಸು ದಾರಿ. ಹತ್ತಡಿ ಅಗಲ, ನಡುವೆ ಒಂದು ಏರು. ಎರಡು ವರ್ಷದ ಹಿಂದೆ ಟಿಪ್ಪರ್‌ನಲ್ಲಿ ಗರಸು ತರಿಸಿ ಹಾಕಿಸಿದ್ದೆ. ಈಗ ಏರಿನಲ್ಲಿ ಕೊರಕಲು, ಕೆಳಗೆ ಗುಂಡಿ, ಸಪಾಟಾಗಿರುವ ಕಡೆ ತಗಡಿನ ಶೀಟಿನ ಹಾಗೆ ಅಲೆ ಅಲೆ. ಕಾಯಿ ಸಾಗಿಸುವ ಟೆಂಪೋದವರು ಒಳಗೆ ಬರೋದಕ್ಕೆ ಗೊಣಗುತ್ತಾರೆ. ಪ್ರತಿ ವರ್ಷ ಜೆಸಿಬಿ ಕರೆಸಿ ಸಾಕಾಗಿದೆ. 42 ಎಚ್‌ಪಿ ಟ್ರ್ಯಾಕ್ಟರ್ ಇದೆ, ಒಂಬತ್ತು ಹಲ್ಲಿನ ಕಲ್ಟಿವೇಟರ್ ಇದೆ. ಹಿಂದೆ ಕಟ್ಟುವ ಬ್ಲೇಡ್ ತಗೊಳ್ಳಲೋ, ಬಾಕ್ಸ್ ಲೆವೆಲರೋ, ಮುಂದಕ್ಕೆ ಡೋಜರ್ ಹಾಕಿಸಲೋ? ಬಳಸಿದವರು ಹೇಳಿ.

ಚಿಂತಾಮಣಿಯಿಂದ:

ಅಣ್ಣ, ಮೂರನ್ನೂ ಓಡಿಸಿ ನೋಡಿದ್ದೇನೆ. ಮೊದಲು ಡೋಜರ್ ಬಿಡಿ. ಮಣ್ಣಿನ ಗುಡ್ಡೆ ತಳ್ಳೋದಕ್ಕೆ, ಬದು ಹಾಕೋದಕ್ಕೆ ಅದು ಸರಿ. ದಾರಿ ನಯ ಮಾಡೋದಕ್ಕೆ ಕೈ ಪಳಗಿದ ಡ್ರೈವರ್ ಬೇಕು. ಮುಂದಿನ ಚಕ್ರ ಗುಂಡಿಗೆ ಇಳಿದರೆ ಬ್ಲೇಡೂ ಇಳಿದು ಕೆರೆಯುತ್ತದೆ, ಚಕ್ರ ಹತ್ತಿದರೆ ಬ್ಲೇಡ್ ಗಾಳಿಯಲ್ಲಿ. ನಾನು ಮೊದಲ ಸಲ ಓಡಿಸಿದಾಗ ದಾರಿ ಒಂಟೆ ಬೆನ್ನಾಗಿತ್ತು.

ಹಿಂದಿನ ಬ್ಲೇಡ್‌ಗೂ ಸ್ವಲ್ಪ ಅದೇ ಕಾಯಿಲೆ. ಆದರೆ ಅದು ಮಾಡುವ ಒಂದು ಕೆಲಸ ಬಾಕ್ಸ್‌ಗೆ ಬರೋದಿಲ್ಲ. ಓರೆಯಾಗಿ ತಿರುಗಿಸಿದರೆ, ಅಂಚಿಗೆ ಸರಿದ ಗರಸನ್ನು ನಡುವಿಗೆ ಎಳೆದು ತರುತ್ತದೆ. ಚರಂಡಿಯನ್ನೂ ತೆಗೆಯುತ್ತದೆ. ಬಾಕ್ಸ್‌ನ ಎರಡೂ ಪಕ್ಕ ಮುಚ್ಚಿರುತ್ತೆ. ಮಣ್ಣನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ಗುಂಡಿ ಬಂದಲ್ಲಿ ತಾನಾಗಿ ಬಿಡುತ್ತದೆ. ಗುಂಡಿ ಮುಚ್ಚೋದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ನಿಮ್ಮಲ್ಲಿ ಏರು ಇದೆ, ಕೊರಕಲು ಇದೆ. ಅಂದರೆ ನೀರು ದಾರಿಯ ಮೇಲೇ ಹರಿಯುತ್ತಿದೆ. ಮೊದಲು ನಡು ಎತ್ತರ ಆಗಬೇಕು, ಮೀನಿನ ಬೆನ್ನಿನ ಹಾಗೆ. ಹತ್ತಡಿ ಅಗಲಕ್ಕೆ ನಡು ಎರಡೂವರೆ ಇಂಚು ಎತ್ತರ ಇದ್ದರೆ ಸಾಕು. ಜಾಸ್ತಿ ಮಾಡಿದರೆ ಎಲ್ಲರೂ ನಡುವಲ್ಲೇ ಓಡಿಸಿ ಮತ್ತೆ ಎರಡು ಜಾಡು ಬೀಳುತ್ತವೆ. ನನ್ನ ಓಟು ಹಿಂದಿನ ಬ್ಲೇಡ್‌ಗೆ.

ಅಗಲ ನೋಡಿ ತಗೊಳ್ಳಿ, ಎಲ್ಲರೂ ಎಡವೋದು ಇಲ್ಲೇ. ಅಂಗಡಿಯವರು ಆರಡಿ ಸಾಕು ಅಂತಾರೆ. ನೇರ ಇಟ್ಟರೆ ಹೌದು. 30 ಡಿಗ್ರಿ ಓರೆ ಮಾಡಿ ಅಳೆದು ನೋಡಿ, ಐದಡಿ ಎರಡು ಇಂಚಿಗೆ ಇಳಿದಿರುತ್ತದೆ. ಚಕ್ರದ ಗುರುತು ಆಚೆ ಉಳಿಯುತ್ತದೆ. ಏಳಡಿಯದಾದರೆ ಓರೆ ಮಾಡಿದ ಮೇಲೂ ಆರಡಿ ಸಿಗುತ್ತೆ. ಹಿಂದಿನ ಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿಯಿರಿ, ಆಮೇಲೆ ಅಂಗಡಿಗೆ ಹೋಗಿ.

ತೂಕವನ್ನೂ ನೋಡಿ. ನಮ್ಮ ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ಮೇಲಕ್ಕೆ ಎತ್ತುತ್ತದೆ, ಕೆಳಕ್ಕೆ ಒತ್ತೋದಿಲ್ಲ. ಬ್ಲೇಡು ತನ್ನ ಭಾರದಿಂದಲೇ ಕೆರೆಯಬೇಕು. ಹಗುರದ್ದು ಗಟ್ಟಿ ಗರಸಿನ ಮೇಲೆ ಸುಮ್ನೆ ಜಾರುತ್ತದೆ. ಬುಡದ ಪಟ್ಟಿ ಬೋಲ್ಟ್ ಹಾಕಿದ್ದಾ, ವೆಲ್ಡ್ ಮಾಡಿದ್ದಾ ಕೇಳಿ. ಬೋಲ್ಟಿನದಾದರೆ ಒಂದು ಅಂಚು ಸವೆದಾಗ ಬಿಚ್ಚಿ ತಿರುಗಿಸಿ ಹಾಕಬಹುದು.

ಗುಬ್ಬಿಯಿಂದ:

ಯಾವ ಬ್ಲೇಡಾದರೂ ತಗೊಳ್ಳಿ, ಮೇಲೆ ಮೇಲೆ ಕೆರೆದು ಗುಂಡಿ ಮುಚ್ಚಬೇಡಿ. ಒಂದು ಮಳೆ ಬಿದ್ದರೆ ಅದೇ ಜಾಗದಲ್ಲಿ ಅದೇ ಗುಂಡಿ. ಗುಂಡಿಯ ತಳದವರೆಗೂ ಸುತ್ತಲಿನ ಗಟ್ಟಿ ನೆಲ ಒಡೆಯಬೇಕು. ನಿಮ್ಮ ಕಲ್ಟಿವೇಟರ್ ಸಾಕು. ಅಲೆ ಎದ್ದಿರುವ ಕಡೆಯೂ ಹಾಗೇ. ಮತ್ತೆ ಅಲೆ ಏಳೋದು ಗಾಡಿಗಳ ಸ್ಪೀಡಿಗೆ. ನಮ್ಮಲ್ಲಿ ಹಾಲಿನ ಟೆಂಪೋ ಬರುವ ರಭಸಕ್ಕೆ ಯಾವ ಬ್ಲೇಡೂ ಸಾಲದು.

ಮಾಲೂರಿನಿಂದ:

ಕಲ್ಟಿವೇಟರ್ ಇಳಿಸೋ ಮುಂಚೆ ಡ್ರಿಪ್ ಪೈಪು, ಬೋರ್‌ವೆಲ್ ಕೇಬಲ್ ಎಲ್ಲೆಲ್ಲಿ ದಾರಿ ದಾಟಿದೆ ಅಂತ ಗೂಟ ನೆಟ್ಟು ಗುರುತು ಮಾಡಿ. ನಾನು ಮಾಡಲಿಲ್ಲ. ಪೈಪು ಒಂದಡಿ ಆಳದಲ್ಲಿದೆ ಅಂದುಕೊಂಡಿದ್ದೆ. ಮೇಲಿನ ಗರಸು ಕೊಚ್ಚಿಹೋಗಿ ನಾಲ್ಕೇ ಇಂಚು ಉಳಿದಿತ್ತು. ಹಲ್ಲಿಗೆ ಸಿಕ್ಕಿ ಪಟ್ ಅಂದಿತು. ಟೊಮೆಟೊಗೆ ನೀರು ಬಿಡೋ ಹೊತ್ತು ಬೇರೆ. ಆವತ್ತು ಸಂಜೆವರೆಗೂ ಕೆಸರಲ್ಲಿ ಕೂತು ಪೈಪು ಅಂಟಿಸಿದ್ದೇ ಕೆಲಸ.

ರೋಟಾವೇಟರ್ ಹಾಕಿ ಸಡಿಲ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಅದರ ಬ್ಲೇಡ್ ಮುರಿಯುತ್ತೆ, ಕಲ್ಲು ಹಾರುತ್ತೆ.

ಶಿಡ್ಲಘಟ್ಟದಿಂದ:

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಟ್ರ್ಯಾಕ್ಟರ್ ಹಿಂದಿನ ಲಿಂಕಿಗೆ ಸಿಕ್ಕಿಸುವ ಪಿನ್ ಅಳತೆ ನೋಡಿ. ನಮ್ಮದು ಹಿಪ್ಪುನೇರಳೆ ಸಾಲಿಗೆ ಅಂತ ತಂದ ಮಿನಿ ಟ್ರ್ಯಾಕ್ಟರ್. ಅಗ್ಗಕ್ಕೆ ಸಿಕ್ಕಿತು ಅಂತ ಬ್ಲೇಡ್ ತಂದೆ, ಲಿಂಕಿನಲ್ಲಿ ಪಿನ್ನೇ ಕೂರಲಿಲ್ಲ. ಲಿಂಕಿನ ಅಳತೆಗೆ ಕೆಟಗರಿ ಅಂತ ನಂಬರ್ ಇರುತ್ತೆ. ಅದು ಕೆಟಗರಿ 2, ಕೆಳಗಿನ ಪಿನ್ 28 ಎಂಎಂ. ನಮ್ಮದು ಕೆಟಗರಿ 1, 22 ಎಂಎಂ. ಪಿನ್ ಬದಲಿಸಿ ಹೇಗೋ ಸಿಕ್ಕಿಸಿದೆ. ಏರಿನಲ್ಲಿ ಬ್ಲೇಡ್ ಎತ್ತಿದರೆ ಮುಂದಿನ ಚಕ್ರ ನೆಲ ಬಿಡೋ ಹಾಗಾಯಿತು. ಮಾರಿಬಿಟ್ಟೆ.

ತಿಪಟೂರಿನಿಂದ:

ಬ್ಲೇಡ್ ಇಲ್ಲದ ಕಾಲದಲ್ಲೂ ದಾರಿ ಇತ್ತು ಸ್ವಾಮಿ. ಹೊಲಕ್ಕೆ ಹಲಗೆ ಹೊಡೆಯೋ ಹಾಗೆ, ತೆಂಗಿನ ದಿಮ್ಮಿಗೆ ಎರಡೂ ತುದಿಯಲ್ಲಿ ಸರಪಳಿ ಕಟ್ಟಿ ಎಳೆಯುತ್ತಿದ್ದೆವು. ಈಗ ದಿಮ್ಮಿ ಬದಲು ಎರಡು ಕಬ್ಬಿಣದ ಚಾನೆಲ್ಲು, ನಡುವೆ ನಾಲ್ಕಡಿ ಅಂತರ ಬಿಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದೇನೆ. ಉದ್ದ ಇರೋದರಿಂದ ಸಣ್ಣ ಗುಂಡಿಗೆ ಇಳಿಯೋದಿಲ್ಲ, ಆಚೆ ಈಚೆಯ ಉಬ್ಬಿನ ಮೇಲೆ ಕೂತು ಹೋಗುತ್ತದೆ. ಲಿಫ್ಟಿಗೆ ಕಟ್ಟಿಲ್ಲ, ಹಾಗಾಗಿ ಟ್ರ್ಯಾಕ್ಟರ್ ಕುಣಿದರೂ ಅದು ಕುಣಿಯೋದಿಲ್ಲ. ಕೊರಕಲಿಗೆ ಇದು ಆಗೋದಿಲ್ಲ, ಆಗಾಗ ನಯ ಮಾಡೋದಕ್ಕೆ ಮಾತ್ರ. ಹಲಗೆ ಮೇಲೆ ಮಕ್ಕಳನ್ನು ಕೂರಿಸೋ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ಇಲ್ಲಿ ಅದು ಬೇಡ. ಭಾರಕ್ಕೆ ಕಲ್ಲು ಕಟ್ಟಿ.

ಶಿರಾದಿಂದ:

ಕೊಳ್ಳೋ ಮುಂಚೆ ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯಾ ಕೇಳಿ. ಒಂದು ದಿನ ಓಡಿಸಿದರೆ ಗೊತ್ತಾಗುತ್ತೆ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಚಿಂತಾಮಣಿ ಅಣ್ಣ, ಬ್ಲೇಡು ಸಪಾಟಾಗೇ ಇರುತ್ತೆ ಅಲ್ವಾ, ಮೀನಿನ ಬೆನ್ನು ಹೇಗೆ ಬರುತ್ತೆ? ಯಾವಾಗ ಹೊಡೆಯಬೇಕು?

ಚಿಂತಾಮಣಿಯಿಂದ:

ಬಲಗಡೆ ಲಿಫ್ಟ್ ರಾಡ್‌ನಲ್ಲಿ ತಿರುಗಿಸುವ ಹಿಡಿ ಇರುತ್ತೆ. ಅದನ್ನು ತಿರುಗಿಸಿ ಬ್ಲೇಡಿನ ಬಲತುದಿ ಎರಡು ಇಂಚು ಕೆಳಗಿಳಿಸಿ. ಅದೇ ತುದಿ ಮುಂದೆ ಬರುವ ಹಾಗೆ ಓರೆ ಮಾಡಿ. ಚೆಕ್ ಚೈನ್, ಅಂದರೆ ಕೆಳಗಿನ ಲಿಂಕುಗಳಿಗೆ ಕಟ್ಟಿರುವ ಸರಪಳಿ, ಬಿಗಿ ಮಾಡಿ, ಇಲ್ಲದಿದ್ದರೆ ಬ್ಲೇಡು ಅತ್ತಿತ್ತ ತೂಗುತ್ತೆ. ಈಗ ದಾರಿಯ ಬಲ ಅಂಚು ಹಿಡಿದು ಲೋ ಗೇರಿನಲ್ಲಿ ಹೋಗಿ. ಗರಸು ಬ್ಲೇಡಿನ ಉದ್ದಕ್ಕೂ ಉರುಳಿಕೊಂಡು ಎಡತುದಿಯಿಂದ ನಡುವಿಗೆ ಬೀಳುತ್ತದೆ. ಕೊನೆಯಲ್ಲಿ ತಿರುಗಿಸಿಕೊಂಡು ಮತ್ತೆ ಬಲ ಅಂಚು ಹಿಡಿದೇ ವಾಪಸ್ ಬನ್ನಿ. ನಡುವೆ ಸಾಲು ಗುಡ್ಡೆ ಆಗಿರುತ್ತೆ. ಆಗ ಬ್ಲೇಡು ನೇರ ಮಾಡಿ, ಸ್ವಲ್ಪ ಎತ್ತಿ, ನಡುವೆ ಒಂದು ಸಲ ಎಳೆಯಿರಿ.

ಮಳೆ ಬಿದ್ದ ಮಾರನೇ ದಿನ ಒಳ್ಳೇದು. ಮುಷ್ಟಿಯಲ್ಲಿ ಅಮುಕಿದರೆ ಉಂಡೆ ಕಟ್ಟಬೇಕು, ಕೈಗೆ ಮೆತ್ತಬಾರದು. ಒಣ ನೆಲ ಕೆರೆದರೆ ಪುಡಿಯೆಲ್ಲ ಧೂಳಾಗಿ ಹಾರಿಹೋಗುತ್ತದೆ. ಕಲ್ಲನ್ನು ಹಿಡಿದಿಡೋದೇ ಆ ಪುಡಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು, ಅದಕ್ಕೆ ಮುಂಚೆ ಮುಗಿಸಿ. ಆಮೇಲೆ ನೀರಿನ ಟ್ಯಾಂಕರ್ ತುಂಬಿಸಿಕೊಂಡು ಹತ್ತು ಸಲ ಓಡಾಡಿ. ಒಂದೇ ಜಾಡಿನಲ್ಲಿ ಬೇಡ, ಪ್ರತಿ ಸಲ ಒಂದಡಿ ಸರಿದು.

ಕೇಳಿದವರು:

ಏಳಡಿ ಬ್ಲೇಡ್ ತಂದೆ. ಮೊದಲ ಸುತ್ತಿನಲ್ಲಿ ಗರಸೆಲ್ಲ ಹೊರಗೆ ಚರಂಡಿಗೆ ಹೋಯಿತು, ಓರೆ ಉಲ್ಟಾ ಇಟ್ಟಿದ್ದೆ. ಎರಡನೇ ಸುತ್ತಿಗೆ ಸಾಲು ಸರಿಯಾಗಿ ನಡುವಿಗೆ ಬಂತು. ಏರಿನ ಬುಡದಲ್ಲಿ ಹಾಸುಬಂಡೆ ಇರೋದು ಮರೆತೇ ಹೋಗಿತ್ತು. ಬ್ಲೇಡು ಟಣ್ ಅಂತು, ಓರೆ ಹಿಡಿಯುವ ಪಿನ್ ಬಾಗಿತು. ಮೊನ್ನೆ ರಾತ್ರಿ ಜೋರು ಮಳೆ. ಬೆಳಗ್ಗೆ ಹೋಗಿ ನೋಡಿದರೆ ನೀರು ಎರಡೂ ಪಕ್ಕ ಚರಂಡಿಗೆ ಇಳಿದಿದೆ. ಹಳೇ ಕೊರಕಲಿನ ಜಾಗದಲ್ಲಿ ಮಾತ್ರ ಒಂದು ಗೇಣು ಮತ್ತೆ ಕೊರೆದಿದೆ, ಅಲ್ಲಿ ಗರಸೇ ಉಳಿದಿಲ್ಲ. ಒಂದು ಟಿಪ್ಪರ್ ಹೇಳಿದ್ದೇನೆ.