ಅಪ್‌ಡೇಟ್: ಮೊಮ್ಮಕ್ಕಳ ಕೋಣೆ ತಯಾರಾಯ್ತು

ಬೇಸಿಗೆ ರಜೆಗೆ ಬರುವ ಮೊಮ್ಮಕ್ಕಳಿಗೆ ಉಡುಪಿಯ ಮನೆಯ ಹಿಂದಿನ ಕೋಣೆಯನ್ನು ಹೇಗೆ ಚಂದ ಮಾಡಲಿ, ಗೋಡೆಯ ಬೂಷ್ಟಿಗೆ ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಗೋಡೆಯದ್ದೇ ದೊಡ್ಡ ಕೆಲಸ. ಕೆಂಪುಕಲ್ಲು ಮಳೆನೀರು ಹೀರುತ್ತದೆ. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಪೊರೆಪೊರೆಯಾಗಿ ಏಳುತ್ತದೆ. ಹಾಗಾಗಿ ಮೊದಲು ಹೊರಗೋಡೆಯ ಬಿರುಕು ಮುಚ್ಚಿಸಬೇಕು. ಒಳಗೆ ಬೂಷ್ಟನ್ನು ಒಣಗಿದ ಹಾಗೇ ಕೆರೆದರೆ ಕೋಣೆಯಿಡೀ ಹಾರುತ್ತದೆ. ಒಂದು ಪಾಲು ಬ್ಲೀಚ್ ದ್ರವಕ್ಕೆ ಮೂರು ಪಾಲು ನೀರು ಸೇರಿಸಿ ಹಚ್ಚಿ, 15 ನಿಮಿಷ ಬಿಟ್ಟು ಉಜ್ಜಿ ತೊಳೆಯಬೇಕು. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಆಸಿಡ್ ಮಾತ್ರ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ತಿಳಿಹಳದಿ ಇಮಲ್ಷನ್ ಎರಡು ಕೋಟ್, ನಡುವೆ ನಾಲ್ಕು ಗಂಟೆ ಬಿಡುವು.

ಕಾರ್ಟೂನ್ ಸ್ಟಿಕ್ಕರ್ ಬೇಡ ಎಂದವರ ಮಾತು ಸರಿ. ನಮ್ಮ ಕರಾವಳಿಯ ತೇವಕ್ಕೆ ಅದರ ಅಂಚು ಸುರುಳಿಯಾಗುತ್ತದೆ, ಕೀಳುವಾಗ ಬಣ್ಣವೂ ಕಿತ್ತು ಬರುತ್ತದೆ. ಬದಲಿಗೆ ಮಕ್ಕಳ ಕಣ್ಣಿನ ಮಟ್ಟದಲ್ಲಿ ಮರದ ಪಟ್ಟಿ ಹೊಡೆದು ಬಟ್ಟೆ ಕ್ಲಿಪ್ ಅಂಟಿಸಿದ್ದೇನೆ. ಅವರೇ ಬರೆದ ಚಿತ್ರಗಳನ್ನು ಅವರೇ ಸಿಕ್ಕಿಸಬಹುದು. ಕೋಣೆ ತಮ್ಮದು ಅನ್ನಿಸುವುದು ಅದರಿಂದಲೇ.

ಸೊಳ್ಳೆಪರದೆ ಸಿಂಗಲ್ ಮಂಚಕ್ಕೂ ಡಬಲ್ ಅಳತೆಯದ್ದೇ ಒಳ್ಳೆಯದು. ಪರದೆಗೆ ಕೈಕಾಲು ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ.

ಮಕ್ಕಳು ಹತ್ತಿದರೆ ಕಪಾಟು ಮಗುಚದಂತೆ ಅದನ್ನು ಗೋಡೆಗೆ ಬಿಗಿಯುವ ಎಲ್-ಕ್ಲಾಂಪ್ ಬೇಕೇ ಬೇಕು. ಸ್ಕ್ರೂ ಸಾರಣೆ ದಾಟಿ ಕಲ್ಲಿನೊಳಗೆ ಹೋಗದಿದ್ದರೆ ಹಿಡಿಯುವುದಿಲ್ಲ. ಬಾಗಿಲಿನ ಒಳಚಿಲಕವನ್ನು ಮಕ್ಕಳ ಕೈಗೆಟುಕದಷ್ಟು ಮೇಲಕ್ಕೆ ಹಾಕಿಸಿದ್ದೇನೆ.